ಹೊರಕ್ಕೆ ವಾಲಿದ ಕಂಬ

ಹಿತ್ತಲ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತವನು ಒಗೆಯುವ ಕಲ್ಲಿನ ಪಕ್ಕದ ಕಂಬವನ್ನು ನೋಡಬಾರದು ಎಂದುಕೊಂಡು ಅದನ್ನೇ ನೋಡಿದ. ಉಳಿದ ಮೂರು ಕಂಬಗಳು ಕವಾಯತಿಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದವು. ಇದೊಂದು ಮಾತ್ರ, ಎದುರಿಗಿದ್ದವರ ಬಾಯಿವಾಸನೆಗೆ ತಲೆ ಹಿಂದಕ್ಕೆಳೆದುಕೊಂಡವರಂತೆ, ಗೋಡೆಯ ಕಡೆಗೆ, ಹೊರಕ್ಕೆ ವಾಲಿತ್ತು. ಹೆಚ್ಚೇನಲ್ಲ, ತುದಿಯಲ್ಲಿ ಅಂಗೈಯಗಲ. ಬೇರೆಯವರಾದರೆ ನಾಲ್ಕನ್ನೂ ಒಂದೇ ನೋಟದಲ್ಲಿ ನೋಡಿ ಒಳಗೆ ಹೋಗಿಬಿಡುತ್ತಿದ್ದರು. ಅವನಿಗೆ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ. ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು. ಇವತ್ತು ನೆರಳಿನ ಬಟ್ಟೆ ಕಟ್ಟುವ ದಿನ. ಒಂದು ವಾರದಿಂದ ಬೆಳಿಗ್ಗೆ ಬೆಳಿಗ್ಗೆ ಕಂಬಗಳ ಬುಡದ ಕಾಂಕ್ರೀಟಿಗೆ ಗಿಡಕ್ಕೆ ಹಾಕಿದ ಹಾಗೆ ನೀರು ಹಾಕಿದ್ದಾನೆ. ಇನ್ನು ಸ್ವಲ್ಪ ಹೊತ್ತಿಗೆ ಹೆಂಡತಿಯ ತಮ್ಮ ಕಾರು ತೆಗೆದುಕೊಂಡು ಬರುತ್ತಾನೆ. ನೆರಳು ಸರಿಯಾಗಿ ನಿಂತರೆ ಅವಳು ಇಲ್ಲೇ ಇರುತ್ತಾಳೆ. ಇಲ್ಲದಿದ್ದರೆ ತಮ್ಮನ ಜೊತೆ ಹೊರಡುತ್ತಾಳೆ. ಹಾಗಂತ ಅವಳೇ ಹೇಳಿದ್ದಳೋ, ತಮ್ಮ ಹೇಳಿದ್ದಕ್ಕೆ ಸುಮ್ಮನಿದ್ದಳೋ ಎಂಬುದು ಈಗ ಅವನಿಗೆ ನೆನಪಾಗಲಿಲ್ಲ. ಸುಮ್ಮನಿರುವುದೂ ಅವಳ ಒಂದು ಮಾತೇ. ಅದರ ಅರ್ಥ ಮಾತ್ರ ಪ್ರತಿ ಸಲವೂ ಬೇರೆ.

ಚಿತ್ರಗಳಿಗೆ ಚೌಕಟ್ಟು ಹಾಕುವುದು ಅವನ ಕಸುಬು. ಪೇಟೆಯ ಓಣಿಯೊಂದರಲ್ಲಿ ಅವನದೊಂದು ಅಂಗಡಿ. ಗೋಡೆ ತುಂಬ ಮರದ ಪಟ್ಟಿಗಳ ತುಂಡು, ಮೇಜಿನ ಮೇಲೆ ಗಾಜು ಕೊಯ್ಯುವ ಕೊರಕ, ರಟ್ಟಿನ ವಾಸನೆ. ಯಾರ ಮನೆಗೆ ಹೋದರೂ ಅವನ ಕಣ್ಣು ಮೊದಲು ಹೋಗುವುದು ಗೋಡೆಗೆ. ಕೂರಿ ಎನ್ನುವುದರೊಳಗೆ ಕೈ ಚಾಚಿ ಓರೆಯಾದ ಪಟವನ್ನು ನೆಟ್ಟಗೆ ಮಾಡಿಬಿಟ್ಟಿರುತ್ತಿದ್ದ. ಮದುವೆಯಾದ ಹೊಸತರಲ್ಲೇ ಅವಳು ಅವನಿಗೆ ರಸಮಟ್ಟ ಎಂದು ಹೆಸರಿಟ್ಟಿದ್ದಳು. ಗಾರೆಯವರು ಗೋಡೆಗೆ ಹಿಡಿಯುವ ಆ ಗಾಜಿನ ಕೊಳವೆ, ಒಳಗೆ ತೇಲುವ ಒಂದು ಗುಳ್ಳೆ. ‘ನಮ್ಮ ರಸಮಟ್ಟದವರನ್ನ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ ಕಣ್ರೇ, ಸಾವಿನ ಮನೇಲೂ ಫೋಟೋ ಸರಿ ಮಾಡ್ತಾರೆ’ ಎಂದು ಶಾಲೆಯ ಗೆಳತಿಯರ ಎದುರು ನಗುತ್ತಿದ್ದಳು. ಆ ನಗುವಿನಲ್ಲಿ ಆಗ ಮುಳ್ಳಿರಲಿಲ್ಲ. ಇದ್ದರೂ ಅದು ಅವನಿಗೆ ಚುಚ್ಚಿರಲಿಲ್ಲ. ಕೋಣೆಯ ಗೋಡೆಯಲ್ಲಿ ಅವಳ ವಾಲಿಬಾಲ್ ಹುಡುಗಿಯರ ಚಿತ್ರವಿತ್ತು. ಅವಳು ಆಟದ ಟೀಚರು. ಅದನ್ನು ಹಿಡಿದುಕೊಂಡೇ ಮೊದಲ ಸಲ ಅವನ ಅಂಗಡಿಗೆ ಬಂದಿದ್ದಳು. ಅವನು ಕೆಲಸಕ್ಕೆ ಹೋಗುವ ಮುಂಚೆ ಅದನ್ನು ಕೂದಲೆಳೆಯಷ್ಟು ಓರೆ ಮಾಡಿ, ಅವನು ಎಷ್ಟು ಹೊತ್ತು ತಡೆದುಕೊಳ್ಳುತ್ತಾನೆ ಎಂದು ಬಾಚಣಿಗೆ ಹಿಡಿದುಕೊಂಡು ಕನ್ನಡಿಯಲ್ಲಿ ನೋಡುವುದು ಅವಳ ಆಟವಾಗಿತ್ತು. ಅವನು ಎಂದೂ ಗೆದ್ದವನಲ್ಲ. ಒಂದು ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಪಟ ಸರಿಮಾಡುತ್ತಿದ್ದ. ಅಸಲಿಗೆ ಆ ಚಿತ್ರದಲ್ಲೇ ಒಂದು ತಪ್ಪಿತ್ತು, ಅದು ಅವನದೇ. ಹುಡುಗಿಯರ ಹಿಂದೆ ಬಲೆ ಕಟ್ಟಿದ ಕಂಬವೊಂದು ವಾಲಿಕೊಂಡಿತ್ತು. ಅವನು ಆ ಕಂಬವನ್ನು ನೆಟ್ಟಗೆ ಮಾಡಿ ಅದರ ಅಳತೆಗೆ ಚಿತ್ರವನ್ನು ಕೂರಿಸಿಬಿಟ್ಟಿದ್ದ. ಪಟ ತೆಗೆದುಕೊಂಡು ಹೋಗಲು ಬಂದವಳು ತುಂಬ ಹೊತ್ತು ನೋಡಿ, ‘ಕಂಬವೇನೋ ಚೆನ್ನಾಗಿ ಬಂದಿದೆ. ನನ್ನ ಹುಡುಗೀರೆಲ್ಲ ಗಾಳಿಗೆ ಸಿಕ್ಕಿದ ಹಾಗಿದ್ದಾರಲ್ಲ?’ ಎಂದಿದ್ದಳು. ಬಿಚ್ಚಿ ಮತ್ತೆ ಹಾಕಿಕೊಡುತ್ತೇನೆ ಎಂದು ಅವನು ಕೆಂಪಾದಾಗ, ಬೇಡ ಬಿಡಿ, ಹೀಗೇ ಇರಲಿ ಎಂದಳು.

ಬಿಸಿಲೆಂದರೆ ಅವಳಿಗೆ ಮೈಮೇಲಿನ ಇನ್ನೊಂದು ಬಟ್ಟೆಯಿದ್ದ ಹಾಗೆ. ಕೊರಳಲ್ಲಿ ಸೀಟಿ, ತಲೆಗೊಂದು ಟೋಪಿ, ಬರಿಗಾಲಲ್ಲಿ ಮೈದಾನ. ಮುಖದ ಮೇಲೆ ಆ ಕೆಂಪು ಕಲೆ ಎದ್ದಾಗಲೂ ಬೆವರುಸಾಲೆ ಎಂದೇ ತಿಳಿದಿದ್ದರು. ಆಮೇಲೆ ಗಂಟು ನೋವು, ಜ್ವರ, ಪರೀಕ್ಷೆಗಳು. ಕೊನೆಗೆ ಡಾಕ್ಟರು, ‘ಬಿಸಿಲು ಇನ್ನು ನಿಮಗೆ ಆಗಿಬರೋಲ್ಲಮ್ಮ’ ಎಂದರು, ಸಂಬಂಧವೊಂದು ಕೂಡಿಬರಲಿಲ್ಲ ಎನ್ನುವವರ ಹಾಗೆ. ‘ಇಷ್ಟು ವರ್ಷ ಬಿಸಿಲಲ್ಲೇ ನಿಂತು ಸಂಬಳ ತಗೊಂಡಿದೀನಿ ಡಾಕ್ಟ್ರೇ, ಅದಕ್ಕೆ ಕೋಪ ಬಂತೇನೋ’ ಎಂದು ಅಲ್ಲೇನೋ ನಕ್ಕಳು. ಮನೆಗೆ ಬಂದು ಕೋಣೆಯ ಕಿಟಕಿಗೆ ದಪ್ಪ ಪರದೆ ಎಳೆದವಳು ಮತ್ತೆ ತೆಗೆಯಲಿಲ್ಲ. ಕೋಣೆಯಲ್ಲಿ ಮುಲಾಮಿನ ವಾಸನೆ ಬೇರು ಬಿಟ್ಟಿತು. ಅವನು ಅಂಗಡಿಯಿಂದ ಬಂದರೆ ಬಾಗಿಲಲ್ಲಿ ನಿಂತು ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ನಿಧಾನವಾಗಿ ಮಂಚ ಮೂಡುತ್ತಿತ್ತು, ಕುರ್ಚಿ ಮೂಡುತ್ತಿತ್ತು, ಕುರ್ಚಿಯಲ್ಲಿ ಅವಳು. ಹಾಗೆ ಕಾಯುವಾಗ ತಾನು ಅವಳನ್ನು ನೋಡಲು ಕಾಯುತ್ತಿದ್ದೇನೋ, ನೋಡದಿರುವ ಆ ಎರಡು ಗಳಿಗೆಗಾಗಿ ಕಾಯುತ್ತಿದ್ದೇನೋ ಅವನಿಗೆ ತಿಳಿಯುತ್ತಿರಲಿಲ್ಲ. ಅವಳ ತಮ್ಮ ಫೋನಿನಲ್ಲಿ, ‘ಭಾವ, ಅಕ್ಕನ್ನ ಸ್ವಲ್ಪ ದಿನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ. ನಮ್ಮ ಮನೆ ಹಿಂದೆ ದೊಡ್ಡ ಮರಗಳಿವೆ, ಹಗಲೆಲ್ಲ ನೆರಳು’ ಎಂದಾಗ ಅವನ ಎದೆಯಲ್ಲಿ ಏನೋ ಹಗುರಾಯಿತು. ಆ ಕೋಣೆಯ ಕಿಟಕಿ ತೆರೆದು ಪರದೆ ಒಗೆಯಲು ಹಾಕಿದ ಹಾಗೆ, ಗಾಳಿ ಬಂದ ಹಾಗೆ. ಅಷ್ಟೇ. ಮರುಗಳಿಗೆಯೇ ಅದು ಯಾರಿಗಾದರೂ ಕಂಡಿತೇ ಎಂದು ಸುತ್ತ ನೋಡಿದ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಮೇಲಿನ ಗುರುತಿಲ್ಲದ ಮದುವೆಯ ಜೋಡಿಗಳು ಮಾತ್ರ ನೋಡುತ್ತಿದ್ದವು. ‘ಬೇಡಪ್ಪಾ, ಅವಳಿಗೆ ಅವಳ ಮನೇನೇ ಸರಿ. ಹಿತ್ತಲಲ್ಲೇ ನೆರಳು ಮಾಡಿಸ್ತೀನಿ’ ಎಂದು ತನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಹೇಳಿದ. ಅದೇ ಸಂಜೆ ವೆಲ್ಡರನ ಅಂಗಡಿಗೆ ಹೋಗಿ ನಾಲ್ಕು ಕಂಬಕ್ಕೆ ಹೇಳಿಬಂದ. ದಪ್ಪ ಕೊಳವೆಯವು, ತುದಿಗೆ ಬಳೆ ಬೆಸೆದವು. ಇಷ್ಟು ಗಟ್ಟಿ ಯಾತಕ್ಕೆ, ಆನೆ ಕಟ್ತೀರಾ ಎಂದು ವೆಲ್ಡರ್ ಕೇಳಿದ. ಬಟ್ಟೆ ಕಟ್ಟೋಕೆ ಎಂದ.

ಕಂಬಗಳು ಬಂದು ಹಿತ್ತಲಲ್ಲಿ ಕೆಂಪು ಬಣ್ಣ ಮೆತ್ತಿಕೊಂಡು ಮಲಗಿದಾಗ ಅವಳು ಪರದೆಯ ಅಂಚು ಸರಿಸಿ ನೋಡಿದಳು. ಆ ದಿನಗಳಲ್ಲಿ ಅವಳಾಗಿಯೇ ಆಡಿದ ಮಾತೆಂದರೆ ಅದೊಂದೇ ಇರಬೇಕು.

‘ನೆಟ್ಟಗೆ ನಿಲ್ಲಿಸಬೇಡಿ.’

‘ಏನನ್ನ?’

‘ಕಂಬಾನ. ನಾಲ್ಕೂ ಹೊರಕ್ಕೆ ವಾಲಿರ್ಬೇಕು. ಬಟ್ಟೆ ಒಳಕ್ಕೆ ಎಳೆಯುತ್ತಲ್ಲ, ಎಳೆದಾಗ ನೆಟ್ಟಗಾಗುತ್ತೆ. ಮೊದಲೇ ನೆಟ್ಟಗೆ ನಿಲ್ಲಿಸಿದ್ರೆ ಬಿಗಿ ಮಾಡಿದಾಗ ಒಳಕ್ಕೆ ಬಗ್ಗಿ ಬಟ್ಟೆ ಹೊಟ್ಟೆ ಬಿಡುತ್ತೆ. ನಾನು ಎಷ್ಟು ಬಲೆ ಕಟ್ಟಿಸಿಲ್ಲ.’ ಕತ್ತಲಲ್ಲಿ ಅವಳ ಕೈ ಎದ್ದು, ಮೊಣಕೈ ಮಡಿಚಿ, ಅಂಗೈ ಹಿಂದಕ್ಕೆ ವಾಲಿ ನಿಂತಿತು. ‘ಹೀಗೆ. ನಿಮ್ಮ ಕಣ್ಣಿಗೆ ಕಷ್ಟವಾಗುತ್ತೆ. ಗೊತ್ತು. ಆದ್ರೂ ಹೀಗೇ.’

ಹೂಂ ಎಂದ. ಅವಳ ಧ್ವನಿಯಲ್ಲಿ ಮೈದಾನವಿತ್ತು. ಬಹಳ ದಿನಗಳ ಮೇಲೆ ಅವನಿಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ಯಾಕೋ ನಾಚಿಕೆಯೂ ಆಯಿತು.

ನೆಡುವ ದಿನ ಎಲ್ಲ ತಾನೇ ಮಾಡಬೇಕು ಎಂದು ಹಟ ಹಿಡಿದಿದ್ದ. ಹಾರೆ ಹಿಡಿದು ಗುಂಡಿ ತೋಡಿ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇನ್ನೂ ತಂಪಿರುವಾಗಲೇ ಒಗೆಯುವ ಕಲ್ಲಿನ ಪಕ್ಕದ್ದನ್ನು ನೆಟ್ಟ. ಸಿಮೆಂಟು, ಮರಳು, ಜಲ್ಲಿ ಕಲಸಿ ಸುರಿದು, ಕಂಬವನ್ನು ಹೊರಕ್ಕೆ ವಾಲಿಸಿ, ಎರಡು ಕೋಲುಗಳ ಆಸರೆ ಕೊಟ್ಟ. ವಾಲಿಸುವಾಗ ಎರಡು ಸಲ ಕೈ ತಾನಾಗಿಯೇ ಅದನ್ನು ನೆಟ್ಟಗೆ ಮಾಡಹೋಯಿತು. ಇದನ್ನು ನೀನು ಮಾಡುತ್ತಿಲ್ಲ, ಅವಳು ಮಾಡುತ್ತಿದ್ದಾಳೆ ಎಂದುಕೊಂಡ. ಆಗ ಸಲೀಸಾಯಿತು. ಉಳಿದ ಮೂರನ್ನು ಹಾಗೆಯೇ ವಾಲಿಸಿ ನೆಟ್ಟು ಮುಗಿಸುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿತ್ತು. ಕೈ ತೊಳೆಯುವಾಗ ಗೋಡೆಯಾಚೆಯಿಂದ ಪಕ್ಕದ ಮನೆಯ ಹಿರಿಯರ ತಲೆ ಮೇಲೆದ್ದಿತು. ಅವರು ಯಾವಾಗಲೂ ಹಾಗೆಯೇ, ಸ್ಟೂಲಿನ ಮೇಲೆ ಹತ್ತಿ ನಿಂತು ಮಾತಾಡುವವರು.

‘ಏನಪ್ಪಾ, ಹಾಡುಹಗಲೇ ಕುಡಿಸಿದೀಯಾ ಕಂಬಗಳಿಗೆ?’

ಅವನು ನಕ್ಕ. ನಗಬಾರದಿತ್ತು. ಅಷ್ಟರಲ್ಲಿ ಕಾರಿನ ಬಾಗಿಲು ಬಡಿದ ಸದ್ದಾಗಿ ಭಾವಮೈದುನ ಹಿತ್ತಲಿಗೆ ಬಂದ. ಡ್ರೈವಿಂಗ್ ಸ್ಕೂಲ್ ನಡೆಸುವವನು. ಪಕ್ಕದಲ್ಲಿ ಕೂತು ಬೇರೆಯವರ ತಪ್ಪಿಗೆ ಬ್ರೇಕ್ ಒತ್ತಿ ಒತ್ತಿ ಅವನ ಕಾಲಿಗೆ ಅದೇ ಅಭ್ಯಾಸವಾಗಿತ್ತು. ಸೊಂಟಕ್ಕೆ ಕೈ ಕೊಟ್ಟು ನಾಲ್ಕೂ ಕಂಬಗಳನ್ನು ಸುತ್ತು ಹಾಕಿ ನೋಡಿದ.

‘ಭಾವ, ಊರಿನವರ ಗೋಡೆಯೆಲ್ಲ ನೆಟ್ಟಗೆ ಮಾಡೋರು ನೀವು. ನಿಮ್ಮ ಹಿತ್ತಲಲ್ಲೇ ಇದೇನಿದು, ನಾಲ್ಕು ಜನ ಜಗಳ ಆಡಿ ಮುಖ ತಿರುಗಿಸಿ ನಿಂತ ಹಾಗಿದೆ!’

‘ಅದನ್ನೇ ನಾನೂ ಹೇಳ್ತಿರೋದು’ ಎಂದಿತು ಗೋಡೆಯ ಮೇಲಿನ ತಲೆ. ‘ರಸಮಟ್ಟ ಇಟ್ಟು ನೋಡಪ್ಪಾ ಒಂದ್ಸಲ.’

ರಸಮಟ್ಟ ಅವನ ಜೇಬಿನಲ್ಲೇ ಇತ್ತು. ಇಟ್ಟ. ಗುಳ್ಳೆ ಓಡಿಹೋಗಿ ಕೊಳವೆಯ ತುದಿಯಲ್ಲಿ ಮುದುಡಿ ಕೂತಿತು. ಅದನ್ನು ನೋಡಿದ್ದೇ ಅವನಿಗೆ ಸಭೆಯಲ್ಲಿ ಪಂಚೆ ಸಡಿಲವಾದ ಹಾಗಾಯಿತು. ಅವಳು ಹೇಳಿದ್ದಾಳೆ, ವಾಲಿರಬೇಕು, ಎಳೆದಾಗ ನೆಟ್ಟಗಾಗುತ್ತದೆ. ಇಡೀ ವಾಕ್ಯ ನಾಲಿಗೆಯ ತುದಿಯಲ್ಲಿತ್ತು. ಬಾಯಿಯನ್ನೂ ತೆರೆದ. ಅದರಿಂದ ಹೊರಬಂದದ್ದು, ‘ಹೌದಲ್ವಾ, ನನಗೂ ಹಾಗೇ ಅನ್ನಿಸ್ತಿತ್ತು.’ ಆ ಮಾತು ಎಲ್ಲಿಂದ ಬಂತು? ಹೆಂಡತಿ ಹೇಳಿದಂತೆ ಮಾಡಿದೆ ಎನ್ನಲು ನಾಚಿಕೆಯೇ? ಅಲ್ಲ, ಅಂಥ ಗಂಡಸು ತಾನಲ್ಲ. ಬಿಸಿಲು ಕಾಣದವಳು ಕತ್ತಲಲ್ಲಿ ಕೂತು ಹೇಳಿದ್ದು ಎಂಬ ಸಸಾರವೇ? ಅದೂ ಇರಲಾರದು. ಹಾಗಾದರೆ ಮತ್ತೇನು? ಈ ವಾರವಿಡೀ ಬುಡಕ್ಕೆ ನೀರು ಹಾಕುತ್ತ ಅವನು ಕೇಳಿಕೊಂಡದ್ದು ಇದನ್ನೇ. ಅದಕ್ಕೆ ಪ್ರತಿ ಬೆಳಿಗ್ಗೆ ಒಂದು ಬೇರೆ ಉತ್ತರ ಸಿಗುತ್ತಿತ್ತು. ಎಲ್ಲವೂ ನಿಜದ ಹಾಗೆಯೇ ಕಾಣುತ್ತಿದ್ದವು, ಯಾವುದೂ ಸಂಜೆಯವರೆಗೆ ಬಾಳುತ್ತಿರಲಿಲ್ಲ. ಭಾವಮೈದುನ ಅಂಗಿಯ ತೋಳು ಮಡಿಚಿ ಕಂಬಕ್ಕೆ ಭುಜ ಕೊಟ್ಟ. ಕಾಂಕ್ರೀಟು ಇನ್ನೂ ಹಸಿಯಾಗಿತ್ತು. ಇವನು ರಸಮಟ್ಟ ಹಿಡಿದು, ‘ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ... ಸಾಕು’ ಎಂದ. ಗುಳ್ಳೆ ನಡುವಿಗೆ ಬಂದು ನಿಂತಾಗ, ಸುಳ್ಳು ಯಾಕೆ, ಮೈಯೆಲ್ಲ ತಣ್ಣಗಾದಂತೆ ಸುಖವಾಯಿತು. ಮೂರು ಕಂಬ ಹಾಗೆ ನೆಟ್ಟಗಾದವು. ಬೆಳಿಗ್ಗೆಯೇ ನೆಟ್ಟದ್ದು ಮಾತ್ರ ಅಷ್ಟರಲ್ಲಿ ಬಿಗಿದುಕೊಂಡಿತ್ತು. ಇಬ್ಬರೂ ಸೇರಿ ನೂಕಿದರೂ ಜಪ್ಪಯ್ಯ ಎನ್ನಲಿಲ್ಲ. ‘ಇದು ಅಕ್ಕನ ಹಾಗೆ, ಮೊಂಡು’ ಎಂದು ಭಾವಮೈದುನ ಮೈ ಕೊಡವಿಕೊಂಡು, ಮುಂದಿನ ವಾರ ಬಟ್ಟೆ ಕಟ್ಟುವಾಗ ಬರುತ್ತೇನೆ, ನೆರಳಾದರೆ ಅಕ್ಕ ಇರಲಿ, ಇಲ್ಲದಿದ್ದರೆ ನನ್ನ ಜೊತೆ ಎಂದು ಹೋದ. ಸಂಜೆ ಕೋಣೆಯ ಕತ್ತಲಿನಿಂದ ಅವಳು, ‘ಆಯ್ತಾ?’ ಎಂದಳು. ಆಯ್ತು ಎಂದ. ‘ನಾನು ಹೇಳಿದ ಹಾಗೆ?’ ಕಣ್ಣು ಇನ್ನೂ ಕತ್ತಲಿಗೆ ಹೊಂದಿಕೊಂಡಿರಲಿಲ್ಲ, ಅವಳ ಮುಖ ಮೂಡಿರಲಿಲ್ಲ. ಮುಖವಿಲ್ಲದ ಕಡೆಗೆ ಹೂಂ ಎನ್ನುವುದು ಸುಲಭವಾಯಿತು.

‘ಏನ್ ಭಾವ, ಚಹಾ ಆರಿ ನೀರಾಯ್ತಲ್ಲ!’ ಭಾವಮೈದುನ ಬೆನ್ನ ಹಿಂದೆಯೇ ನಿಂತಿದ್ದ. ಬಂದದ್ದು ಗೊತ್ತೇ ಆಗಿರಲಿಲ್ಲ.

ಬಟ್ಟೆ ಬಿಚ್ಚಿದರು. ಕಡು ಹಸಿರು, ಒರಟು, ಹೊಸ ಪ್ಲಾಸ್ಟಿಕ್ಕಿನ ವಾಸನೆ. ಮೂಲೆಗಳ ತೂತಿಗೆ ಹಗ್ಗ ಪೋಣಿಸಿ, ಏಣಿ ಹತ್ತಿ ಕಂಬದ ತುದಿಯ ಬಳೆಗೆ ಹಾಕಿದರು. ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಹಿತ್ತಲಿನ ನಡುವೆ ತಿಳಿನೆರಳೊಂದು ಬಿದ್ದು, ಒಗೆಯುವ ಕಲ್ಲು, ಬಕೆಟ್ಟು, ಅವನ ಕೈಕಾಲು ಎಲ್ಲ ನೀರೊಳಗಿದ್ದ ಹಾಗೆ ಕಂಡವು. ಇಲ್ಲಿ ಒಂದು ಬೆತ್ತದ ಕುರ್ಚಿ ಹಾಕಿದರೆ ಎಂದುಕೊಂಡ. ಬಕೆಟ್ಟನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ. ಅವಳು ಇರಬೇಕು, ಇರಬೇಕು ಎಂಬುದು ಈ ಸಲ ಎಲ್ಲಿಂದ ಬಂತೆಂದು ಅವನು ಕೇಳಲಿಲ್ಲ. ಆಮೇಲೆ ಬಿಗಿಮಾಡತೊಡಗಿದರು. ಒಂದು ಮೂಲೆ ಎಳೆದಂತೆ ಎದುರಿನ ಕಂಬ ನಮಸ್ಕಾರ ಮಾಡಿತು. ಅದನ್ನು ಸರಿಮಾಡಲು ಇನ್ನೊಂದನ್ನು ಎಳೆದರೆ ಅದೂ ಬಗ್ಗಿತು. ನೆಟ್ಟಗೆ ನಿಂತಿದ್ದ ಮೂರೂ ಒಳಕ್ಕೆ ತಲೆ ಹಾಕಿ, ಬಾವಿಗೆ ಬಿದ್ದ ಬಿಂದಿಗೆ ನೋಡುವವರ ಹಾಗೆ ನಿಂತವು. ನಡುವೆ ಬಟ್ಟೆ ಜೋತುಬಿತ್ತು. ಗಾಳಿ ಬಂದಾಗ ಎದ್ದು ಪಟಪಟ ಬಡಿದು ಮತ್ತೆ ಬಿತ್ತು. ನೆರಳು ಒಂದು ಕಡೆ ಸರಿದು, ಇನ್ನೊಂದು ಕಡೆ ಬಿಸಿಲು ಬಾಗಿಲಿನವರೆಗೂ ಬಂತು.

‘ಇದು ಚಪ್ಪರ ಅಲ್ಲ ಭಾವ, ಜೋಳಿಗೆ’ ಎಂದ ಭಾವಮೈದುನ. ಅವನಿಗೂ ಬೇಜಾರಾಗಿತ್ತು. ‘ಕಂಬ ಇಷ್ಟು ಗಟ್ಟಿ ಇದ್ರೂ ಹೀಗ್ಯಾಕಾಯ್ತು?’

ಗೋಡೆಯಾಚೆಯ ಹಿರಿಯರು ಆಗಲೇ ಸ್ಟೂಲು ಹತ್ತಿ ನೋಡುತ್ತಿದ್ದರು. ಅವರ ತಲೆ ನಿಧಾನವಾಗಿ ಕೆಳಗಿಳಿಯಿತು.

ಬಾಗಿಲಲ್ಲಿ ಕೊಡೆ ಬಿಚ್ಚಿದ ಸದ್ದಾಯಿತು. ಪೂರ್ತಿ ತೋಳಿನ ರವಿಕೆ, ತಲೆಯ ಮೇಲೆ ಸೆರಗು, ಕಪ್ಪು ಕೊಡೆ. ಅವಳು ಹಿತ್ತಲಿಗೆ ಇಳಿದು ಎಷ್ಟು ದಿನವಾಗಿತ್ತೋ. ಒಂದೊಂದೇ ಕಂಬದ ಹತ್ತಿರ ಹೋಗಿ ಮೈದಾನ ಪರೀಕ್ಷೆ ಮಾಡುವವಳಂತೆ ನೋಡಿದಳು. ಒಗೆಯುವ ಕಲ್ಲಿನ ಪಕ್ಕದ ಕಂಬದ ಎದುರು ನಿಂತಳು. ಅವನೂ ಆಗಲೇ ನೋಡಿದ್ದು: ಇಡೀ ವಾರ ಹಲ್ಲಿನ ಸಂದಿಯ ನಾರಾಗಿದ್ದ ಅದು ಈಗ, ಎಲ್ಲ ಎಳೆತವನ್ನೂ ಹೊತ್ತು, ದಾರ ಹಿಡಿದ ಹಾಗೆ ನೆಟ್ಟಗಿತ್ತು.

‘ಇದನ್ನ ಯಾರು ನೆಟ್ಟಿದ್ದು?’

‘ನಾನೇ.’

‘ಮತ್ತೆ ಅವನ್ನ?’

ನಾನೇ ಎಂದರೆ ಸುಳ್ಳಾಗುತ್ತದೆ, ಅಲ್ಲ ಎಂದರೂ ಸುಳ್ಳಾಗುತ್ತದೆ. ಕೈ ತನ್ನದೇ, ಸಾಕು ಎಂದದ್ದೂ ತನ್ನದೇ ಬಾಯಿ. ಭಾವಮೈದುನ ಹಗ್ಗ ಸುತ್ತುವ ನೆಪದಲ್ಲಿ ಮುಖ ತಿರುಗಿಸಿದ.

‘ನಾನು ಕಿಟಕೀಲೇ ಇದ್ದೆ ಆವತ್ತು’ ಎಂದಳು ಅವಳು. ಕೋಪವಿರಲಿಲ್ಲ. ಸ್ಕೋರು ಹೇಳುವ ಧ್ವನಿ.

‘ನೋಡಿದ್ಯಾ? ಹಾಗಾದ್ರೆ ಒಂದು ಸಲ ಕಿಟಕಿ ಬಡೀಬಹುದಿತ್ತಲ್ಲ!’ ಅವನಿಗೆ ಇದ್ದಕ್ಕಿದ್ದಂತೆ ತಾನೇ ಮೋಸಹೋದ ಹಾಗೆನಿಸಿ ಧ್ವನಿ ಏರಿತು. ‘ಒಂದೇ ಒಂದು ಸಲ ಬಡಿದಿದ್ರೆ...’

‘ಬಡಿದಿದ್ರೆ ಕೇಳ್ತಿದ್ರಿ. ಅದೇ ನೋಡಿ. ಯಾರು ಬಡಿದ್ರೂ ಕೇಳ್ತೀರಿ ನೀವು.’ ಕೊಡೆಯನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿ ತಮ್ಮನ ಕಡೆ ತಿರುಗಿದಳು. ‘ನನ್ನ ಚೀಲ ಮಂಚದ ಮೇಲಿದೆ ಕಣೋ, ತಗೊಂಡು ಬಾ. ಬಾಗಿಲು ನಿಧಾನಕ್ಕೆ ಹಾಕು.’

ಕಾರಿನ ಕಿಟಕಿಗೆ ಅವಳ ತಮ್ಮ ಆಗಲೇ ಬಟ್ಟೆ ಕಟ್ಟಿಕೊಂಡು ಬಂದಿದ್ದ. ಅದು ಅವನಿಗೆ ಈಗ ಕಂಡಿತು. ‘ಬರ್ತೀನಿ’ ಎಂದಳು. ಹೊರಡುವವರೆಲ್ಲ ಅನ್ನುವ ಮಾತು. ಅದರಲ್ಲಿ ಅವಳು ಏನನ್ನಾದರೂ ಇಟ್ಟಿದ್ದಳೇ ಎಂದು ಅವನು ಹುಡುಕುವುದರೊಳಗೆ ಕಾರು ತಿರುವಿನಲ್ಲಿತ್ತು. ಹೋದ ಮೇಲೆ ಹಿತ್ತಲಿಗೆ ಬಂದು ಹಾರೆ ಹಿಡಿದು ಒಂದು ಕಂಬದ ಬುಡಕ್ಕೆ ಕುಕ್ಕಿದ. ಕಿಡಿ ಹಾರಿತು. ಮುಂಗೈ ಜುಮ್ಮೆಂದಿತು. ವಾರವಿಡೀ ನೀರು ಕುಡಿಸಿ ಸಾಕಿದ ಕಾಂಕ್ರೀಟು. ಅವಳು ವಾಪಸು ಬರಲೆಂದು ಕೀಳುತ್ತಿದ್ದೇನೋ, ಮನೆಯೊಳಗೆ ಹೋಗದಿರಲೆಂದು ಕೀಳುತ್ತಿದ್ದೇನೋ ತಿಳಿಯದೆ ಇನ್ನೊಂದಿಷ್ಟು ಕುಕ್ಕಿ, ಹಾರೆ ಅಲ್ಲೇ ಬಿಟ್ಟು ಒಳಗೆ ಹೋದ.

ಕೋಣೆಯ ಬಾಗಿಲಲ್ಲಿ ಅಭ್ಯಾಸದಂತೆ ನಿಂತ. ಮಂಚ ಮೂಡಿತು, ಕುರ್ಚಿ ಮೂಡಿತು, ಕುರ್ಚಿ ಬರಿದಾಗಿತ್ತು. ಎಂದೋ ಬಯಸಿದ್ದ ಹಾಗೆ ಪರದೆ ಸರಿಸಿ ಕಿಟಕಿ ತೆರೆದ. ಗಾಳಿ ಬಂತು, ಹಿತ್ತಲಲ್ಲಿ ಬಟ್ಟೆ ಬಡಿದುಕೊಳ್ಳುವ ಸದ್ದೂ ಬಂತು. ಬೇರೇನೂ ಆಗಲಿಲ್ಲ. ಮೂಗಿಗೆ ಮುಲಾಮಿನ ವಾಸನೆ ಬೇಕೆನಿಸಿ ಕುರ್ಚಿಯ ಬೆನ್ನಿಗೆ ಬಗ್ಗಿದ. ಫೋನು ಬಡಿದುಕೊಂಡಿತು.

‘ಒಳಗೆ ಹೋದ್ರಾ?’ ಕಾರಿನ ಸದ್ದಿನ ನಡುವೆ ಅವಳ ಧ್ವನಿ.

‘ಹೂಂ. ಕೋಣೇಲಿದೀನಿ.’

‘ಚಿತ್ರ ನೋಡಿದ್ರಾ?’

ಅವನು ಗೋಡೆಯ ಕಡೆ ತಿರುಗಿದ. ವಾಲಿಬಾಲ್ ಹುಡುಗಿಯರ ಚಿತ್ರ. ಅದರ ಅಂಚಿನಲ್ಲಿ ಅವನ ಬಲಗೈಯಿತ್ತು. ಬೆರಳಿನ ಸಿಮೆಂಟಿನ ಪುಡಿ ಚೌಕಟ್ಟಿನ ಮೇಲೆ ಬೆಳ್ಳಗೆ ಅಂಟಿತ್ತು. ಕಿಟಕಿ ತೆರೆಯಲು ಹೋಗುವಾಗಲೋ, ತೆರೆದು ಬರುವಾಗಲೋ, ಫೋನು ಎತ್ತಿಕೊಳ್ಳುವಾಗಲೋ, ಕೈ ತನ್ನ ಕೆಲಸ ಮುಗಿಸಿಬಿಟ್ಟಿತ್ತು. ಪಟ ನೆಟ್ಟಗಿತ್ತು.

‘ನೋಡಿದೆ’ ಎಂದ.

‘ಹೊರಡೋವಾಗ ವಾಲಿಸಿ ಬಂದಿದೀನಿ.’ ಅವಳು ಸುಮ್ಮನಾದಳು. ಈ ಸುಮ್ಮನಿರುವುದರ ಅರ್ಥವೇನೆಂದು ಅವನು ಕಿವಿಗೆ ಫೋನನ್ನು ಒತ್ತಿಕೊಂಡ. ಆಮೇಲೆ ಅವಳು, ಬಹಳ ಹಿಂದೆ ಕನ್ನಡಿಯೊಳಗಿಂದ ಕೇಳುತ್ತಿದ್ದ ಧ್ವನಿಯಲ್ಲಿ, ‘ಹಾಗೇ ಇರ್ಲಿ. ನಾನು ಬಂದು ನೋಡ್ಬೇಕು’ ಎಂದಳು.

ಹೂಂ ಎಂದ. ಅತ್ತ ಫೋನು ಇಟ್ಟ ಮೇಲೂ ಸ್ವಲ್ಪ ಹೊತ್ತು ಹೂಂ ಎನ್ನುತ್ತಿದ್ದ. ಬಂದು ನೋಡಬೇಕು ಎಂದರೆ ಬರುತ್ತಾಳೆ. ಫೋನನ್ನು ಮಂಚದ ಮೇಲೆ ಹಾಕಿ, ಎರಡೂ ಕೈಯಲ್ಲಿ ಪಟ ಹಿಡಿದು ಮೆಲ್ಲಗೆ ಓರೆ ಮಾಡಿದ. ಎಷ್ಟು ವಾಲಿತ್ತು? ಎಡಕ್ಕೋ, ಬಲಕ್ಕೋ? ಇಷ್ಟು ವರ್ಷ ಓರೆಯನ್ನು ಅಳಿಸಿದವನೇ ಹೊರತು ಒಂದು ಸಲವೂ ಅದನ್ನು ನೋಡಿದವನಲ್ಲ. ಎಡಕ್ಕೆ ತಿರುಗಿಸಿದರೆ ಹುಡುಗಿಯರೆಲ್ಲ ಇನ್ನಷ್ಟು ಗಾಳಿಗೆ ಸಿಕ್ಕರು. ಬಲಕ್ಕೆ ತಿರುಗಿಸುತ್ತ ಹೋದ ಹಾಗೆ ಒಂದು ಕಡೆ, ಉಸಿರು ಹಿಡಿದ ಹಾಗೆ, ಎಲ್ಲರೂ ನೆಟ್ಟಗೆ ನಿಂತರು. ಅವರ ಹಿಂದಿನ ಕಂಬ ಹೊರಕ್ಕೆ ವಾಲಿತು. ಇದೇ ಇರಬೇಕು. ಇದೇ ಇರಬೇಕೇ? ಅವಳು ಇಷ್ಟೇ ವಾಲಿಸಿದ್ದಳೋ, ಇನ್ನೊಂದು ಕೂದಲೆಳೆ ಹೆಚ್ಚೋ? ಬೆರಳು ಸಡಿಲಿಸಿದ. ಪಟ ತಾನಾಗಿಯೇ ಜಾರಿ ನೆಟ್ಟಗಾಯಿತು. ಹಾಗಾಗುವಂತೆ ಅದರ ಹಿಂದೆ ಹುರಿ ಕಟ್ಟಿದ್ದವನು ಅವನೇ. ಮತ್ತೆ ವಾಲಿಸಿದ, ಮತ್ತೆ ಜಾರಿತು. ಅವಳು ಅದನ್ನು ಹೇಗೆ ನಿಲ್ಲಿಸುತ್ತಿದ್ದಳು? ಹೊರಗೆ ಬಟ್ಟೆ ಬಡಿಯುತ್ತಲೇ ಇತ್ತು. ಬೊಬ್ಬೆಯೆದ್ದ ಅಂಗೈ ಉರಿಯುತ್ತಿತ್ತು. ಅವನು ಹುಡುಗಿಯರು ನೆಟ್ಟಗೆ ಕಾಣುವಷ್ಟು ಪಟವನ್ನು ವಾಲಿಸಿ, ಕೈಬಿಡದೆ, ಹಿಡಿದುಕೊಂಡೇ ನಿಂತ.